ಊರಿನ ರಜೆಗೆ ಕಾಯದ ಗಡ್ಡೆ

ದುಬೈಯಲ್ಲಿರುವ ನಮ್ಮ ಕಡೆಯವರ ಹಲ್ಲುನೋವು ವರ್ಷಕ್ಕೊಮ್ಮೆ ಮಾತ್ರ ಡಾಕ್ಟರನ್ನು ಕಾಣುತ್ತದೆ. ಹಲ್ಲು, ಕಣ್ಣು, ಸೊಂಟ, ಗ್ಯಾಸ್ಟ್ರಿಕ್ ಯಾವುದೇ ಇರಲಿ, ‘ಊರಿಗೆ ಹೋದಾಗ ನೋಡಿಸುವ’ ಎಂದು ಎತ್ತಿಡುತ್ತೇವೆ. ಪರ್ಸಿನಲ್ಲಿ ಇನ್ಶೂರೆನ್ಸ್ ಕಾರ್ಡ್ ಇರುತ್ತದೆ, ಕಟ್ಟಡದ ಕೆಳಗೇ ಕ್ಲಿನಿಕ್ ಇರುತ್ತದೆ. ಆದರೂ ಊರಿನ ಡಾಕ್ಟರಿಗೆ ನಮ್ಮ ಮಾತು ಬರುತ್ತದೆ, ನಮ್ಮ ಅಜ್ಜಿಯ ಕಾಯಿಲೆಯೂ ಗೊತ್ತಿರುತ್ತದೆ. ಇಲ್ಲಿಗೆ ಬಂದದ್ದು ದುಡಿಯಲಿಕ್ಕೆ. ಕಾಯಿಲೆ ಬೀಳುವುದು ಊರಿನ ಕೆಲಸ.

ರಜೆ ಬರುತ್ತದೆ. ಊರಿನಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ, ನಡುವೆ ಅವರಿವರ ಮನೆಯ ಊಟ. ಹೊರದೇಶದಿಂದ ಬಂದವಳು ಮೈಕೈ ತುಂಬಿಕೊಂಡು ಕಾಣಬೇಕು. ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದನ್ನು ಯಾರಾದರೂ ನೋಡಿದರೆ ಸುದ್ದಿ ಅವಳಿಗಿಂತ ಮೊದಲು ಮನೆ ತಲುಪುತ್ತದೆ. ಹೀಗೆ ನೋವು ಸೂಟ್‌ಕೇಸಿನ ಜೊತೆ ಹೋಗಿ, ಕುಚ್ಚಲಕ್ಕಿ, ಉಪ್ಪಿನಕಾಯಿಯ ಜೊತೆ ತಿರುಗಿ ಬರುತ್ತದೆ.

ನನ್ನ ರಕ್ತಸ್ರಾವವೂ ಹೀಗೆ ಎರಡು ಸಲ ಊರಿಗೆ ಹೋಗಿ ಬಂದಿತ್ತು.

ನನ್ನ ಬಗ್ಗೆ ಬರೆಯುವುದು ನನಗೆ ರೂಢಿಯಿಲ್ಲ. ದೇರಾದ ಒಂದು ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದೇನೆ. ಬೇರೆಯವರು ಬರೆದ ನಕ್ಷೆಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅಲ್ ಮುರಕ್ಕಬಾತ್‌ನಲ್ಲಿ ಅಕ್ಕ ಮತ್ತು ಭಾವನ ಜೊತೆ ಇದ್ದೇನೆ. ತಿಂಗಳ ಮುಟ್ಟು ವಾರ ಕಳೆದರೂ ನಿಲ್ಲದಿದ್ದಾಗ ಅದನ್ನು ಅಕ್ಕನಿಗೂ ಸರಿಯಾಗಿ ಹೇಳಿರಲಿಲ್ಲ. ಕಪ್ಪು ಪ್ಯಾಂಟ್ ಮಾತ್ರ ತೊಡುತ್ತಿದ್ದೆ. ಕುರ್ಚಿಯಿಂದ ಏಳುವ ಮೊದಲು ಸುತ್ತ ಯಾರಿದ್ದಾರೆಂದು ನೋಡುತ್ತಿದ್ದೆ. ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಂಡರೆ, ವ್ಯಾಯಾಮ ಕಡಿಮೆಯಾಯಿತು ಎಂದುಕೊಳ್ಳುತ್ತಿದ್ದೆ.

ಇದನ್ನು ಮೊದಲು ಗಮನಿಸಿದವಳು ವಂಜಿರು.

ವಂಜಿರು ಕೀನ್ಯಾದ ನಕುರು ಎಂಬ ಊರಿನವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಒಂದು ಕಟ್ಟಡಕ್ಕೆ ಕಬ್ಬಿಣ, ಸಿಮೆಂಟು ಎಷ್ಟು ಬೇಕೆಂದು ಅಂದಾಜಿಸುವ ಕ್ವಾಂಟಿಟಿ ಸರ್ವೇಯರ್. ಎತ್ತರದ ಆಳು, ನಿಧಾನದ ನಡಿಗೆ, ಮೊನಚು ಮಾತು. ಎರಡು ವಾರಕ್ಕೊಮ್ಮೆ ಗುರುವಾರ ಮಧ್ಯಾಹ್ನ ಅವಳು ಬ್ಯಾಗ್ ಎತ್ತಿಕೊಂಡು ಹೊರಡುತ್ತಾಳೆ. ಅಂಥ ಹೊತ್ತಿನಲ್ಲಿ ಉಳಿದ ನಾವೆಲ್ಲ ಬ್ಯಾಂಕಿಗೆ ಎನ್ನುತ್ತೇವೆ, ವೀಸಾ ಕೆಲಸ ಎನ್ನುತ್ತೇವೆ. ಅವಳು, “ನನ್ನ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ, ನಾಳೆ ಸಿಗುತ್ತೇನೆ,” ಎನ್ನುತ್ತಾಳೆ. ನಮ್ಮ ಮ್ಯಾನೇಜರ್ ಒಮ್ಮೆ, “ನಿನಗೇನು ಕಷ್ಟ, ಯಾವಾಗಲೂ ನಗುತ್ತಲೇ ಇರ್ತೀಯಲ್ಲ?” ಎಂದು ಕೇಳಿದರು. “ಹೋಗ್ತಾ ಇರೋದಕ್ಕೇ ನಗ್ತಾ ಇದ್ದೀನಿ ಸರ್,” ಎಂದಳು. ಅವರು ಮತ್ತೆ ಕೇಳಲಿಲ್ಲ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷ್; ಇಲ್ಲಿ ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಒಂದು ಬೆಳಿಗ್ಗೆ ಮೆಟ್ರೋ ಸ್ಟೇಷನ್ನಿನ ಸೇತುವೆ ದಾಟುವಾಗ ನನ್ನ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಕೂತೆ. ಹಿಂದೆ ಬರುತ್ತಿದ್ದ ವಂಜಿರು ಪಕ್ಕದಲ್ಲಿ ಕೂತು, ನನ್ನ ಕೈಬೆರಳಿನ ಬಿಳಿಚಿದ ಉಗುರುಗಳನ್ನು ನೋಡಿದಳು. ಜನ ದಾಟಿಹೋಗುತ್ತಿದ್ದರು.

“ಒಂದರ ಮೇಲೆ ಒಂದು ಪ್ಯಾಡ್ ಇಡ್ತೀಯಾ?” ಎಂದು ಕೇಳಿದಳು.

ಆ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಹೌದು ಎಂದು ತಲೆಯಾಡಿಸಿದೆ.

“ಎಷ್ಟು ಕಾಲದಿಂದ?”

“ಮುಂದಿನ ರಜೆಯಲ್ಲಿ ತೋರಿಸ್ತೇನೆ,” ಎಂದೆ.

“ನಾನು ಕೇಳಿದ್ದು ಎಷ್ಟು ಕಾಲದಿಂದ ಅಂತ.”

ಅವತ್ತೇ ಮಧ್ಯಾಹ್ನ ನಾವು ಆಸ್ಪತ್ರೆಯಲ್ಲಿದ್ದೆವು. ಸ್ತ್ರೀರೋಗ ವಿಭಾಗದ ಕಾಯುವ ಕೋಣೆಯಲ್ಲಿ ಎಲ್ಲ ಹೆಂಗಸರ ಪಕ್ಕ ಒಬ್ಬೊಬ್ಬ ಗಂಡ, ಎಲ್ಲ ಗಂಡಂದಿರ ಕೈಯಲ್ಲಿ ಒಂದೊಂದು ಫೋನು. ಕೌಂಟರಿನ ಹುಡುಗಿ ಕೋಣೆಗೆಲ್ಲ ಕೇಳುವಂತೆ, “ಮ್ಯಾರೀಡ್?” ಎಂದಳು. ಇಲ್ಲ ಎಂದೆ. ನಾಲ್ಕಾರು ತಲೆಗಳು ಎದ್ದವು. ಅನಂತರ ಅವಳು ವಂಜಿರುವನ್ನು ನೋಡಿ, “ಮೇಡಂ, ನಿಮ್ಮ ಕೆಲಸದವಳು ಹೊರಗೆ ಕೂರಬಹುದು,” ಎಂದು ನನಗೆ ಹೇಳಿದಳು.

ನನ್ನ ಮುಖ ಬಿಸಿಯಾಯಿತು. ವಂಜಿರು ಕೌಂಟರಿನ ಮೇಲೆ ಮೊಣಕೈ ಊರಿ ಅತ್ಯಂತ ನಯವಾಗಿ, “ನಾನು ಇವಳ ಸೀನಿಯರ್. ಇವಳ ರಜೆ ಅರ್ಜಿಗೆ ಸಹಿ ಹಾಕೋದು ನಾನು. ಎಲ್ಲಿ ಕೂರಲಿ?” ಎಂದಳು. ಹುಡುಗಿ ಎದ್ದು ನಿಂತು ಕ್ಷಮೆ ಕೇಳಿ ನೀರು ತಂದುಕೊಟ್ಟಳು. “ನೋಡು, ನೀರೂ ಬಂತು,” ಎಂದು ವಂಜಿರು ಆ ಲೋಟವನ್ನು ನನಗೆ ದಾಟಿಸಿದಳು. ಸ್ಕ್ಯಾನಿಗೆ ಹೊಟ್ಟೆ ತುಂಬ ನೀರು ಕುಡಿಯಬೇಕಿತ್ತು. ನಾನು ಲೋಟದ ಮೇಲೆ ಲೋಟ ಕುಡಿದು ಕಾಲು ಜೋಡಿಸಿ ಕೂತಿದ್ದರೆ ಅವಳು ಜಲಪಾತಗಳ ಬಗ್ಗೆ ಮಾತಾಡುತ್ತಿದ್ದಳು. ಹೆದರಿಕೆಯ ನಡುವೆಯೂ ನಗು ಬಂತು, ನಗುವುದಕ್ಕೂ ಹೆದರಿಕೆಯಾಯಿತು.

ಡಾಕ್ಟರ್ ಸುಡಾನಿನ ಹಿರಿಯ ಹೆಂಗಸು. ಸ್ಕ್ಯಾನಿನ ಚಿತ್ರವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಚಿಕ್ಕವು ಕೆಲವು, ಒಂದು ಮಾತ್ರ ದೊಡ್ಡದು. ಕ್ಯಾನ್ಸರ್ ತರಹ ಕಾಣುವುದಿಲ್ಲ ಎಂದು ಮೊದಲು ಹೇಳಿದರು. ಆ ಮಾತನ್ನು ಮೊದಲು ಹೇಳಿದ್ದಕ್ಕೆ ಈಗಲೂ ಅವರಿಗೆ ಋಣಿ. ಮೈಯಲ್ಲಿ ರಕ್ತ ಬಹಳ ಕಡಿಮೆ ಇತ್ತು. ಮೊದಲು ಕಬ್ಬಿಣಾಂಶದ ಡ್ರಿಪ್ ಹಾಕಿ ಚೇತರಿಸಬೇಕು, ಆಮೇಲೆ ಶಸ್ತ್ರಚಿಕಿತ್ಸೆ.

“ಈಗ ಮಾಡಿದರೆ ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸಬಹುದು ಅಂತ ನನ್ನ ನಂಬಿಕೆ,” ಎಂದರು. “ಇದು ಬೆಳೆಯುತ್ತಿದೆ. ತಡ ಮಾಡಿದಷ್ಟೂ ಆ ಮಾತು ಹೇಳುವುದು ನನಗೆ ಕಷ್ಟ.”

“ಬೇಸಿಗೆ ರಜೆಯವರೆಗೆ?”

ಅವರು ಕನ್ನಡಕ ತೆಗೆದರು. “ಮಗಳೇ, ಗಡ್ಡೆಗೆ ರಜೆ ಇಲ್ಲ.”

ಮನೆಯಲ್ಲಿ ವಿಷಯ ಬಿಚ್ಚಿದಾಗ ಅಕ್ಕ ಮೊದಲು ಅತ್ತಳು, ಆಮೇಲೆ ಬೈದಳು. “ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ನಿಂಗೆ ಎಂತ ರೋಗ? ಒಂದೇ ಬಾತ್‌ರೂಮ್ ಉಂಟು ಈ ಮನೆಯಲ್ಲಿ, ನಂಗೆ ಗೊತ್ತಾಗ್ಲಿಲ್ಲ ನೋಡು.” ಭಾವ ಪಾಪ, ಹೆಂಗಸರ ವಿಷಯವೆಂದು ಬಾಲ್ಕನಿಗೆ ಹೋಗಿ ನಿಂತರು. ಅಮ್ಮನಿಗೆ ವಿಡಿಯೋ ಕಾಲ್ ಹೋಯಿತು. ಅಮ್ಮ ಕೇಳಿದ ಮೊದಲ ಪ್ರಶ್ನೆ, “ರುವೈಸ್‌ನವರಿಗೆ ಗೊತ್ತಾಯ್ತಾ?”

ಆ ಹೊತ್ತಿಗೆ ನನಗೊಂದು ಸಂಬಂಧ ಬಂದಿತ್ತು. ಹುಡುಗ ನಮ್ಮ ಕಡೆಯವರೇ, ಇಲ್ಲಿಂದ ದೂರದ ರುವೈಸ್ ಎಂಬ ಊರಿನ ರಿಫೈನರಿಯಲ್ಲಿ ಎಂಜಿನಿಯರ್. ಒಮ್ಮೆ ಮನೆಯವರ ಜೊತೆ ಬಂದು ಕಾಫಿ ಕುಡಿದು ಹೋಗಿದ್ದರು. ಆಮೇಲೆ ನಾಲ್ಕಾರು ಸಲ ಫೋನಿನಲ್ಲಿ ಮಾತಾಡಿದ್ದೆವು. ಮಾತು ಕಡಿಮೆ, ಅದೇ ನನಗೆ ಹಿಡಿಸಿತ್ತು. ಬೇಸಿಗೆಯಲ್ಲಿ ಊರಿನಲ್ಲಿ ನಿಶ್ಚಿತಾರ್ಥ ಎಂದು ಹಿರಿಯರ ಲೆಕ್ಕಾಚಾರ.

“ನಿಶ್ಚಿತಾರ್ಥ ಒಂದು ಆಗ್ಲಿ ಮಗಾ,” ಎಂದಳು ಅಮ್ಮ. “ಆಮೇಲೆ ಇಲ್ಲೇ, ಯಾರಿಗೂ ಗೊತ್ತಾಗದ ಹಾಗೆ ಮಾಡಿಸುವ. ಹೊಟ್ಟೆಗೆ ಕತ್ತಿ ಹಾಕಿದ್ದು ಅಂತ ಗೊತ್ತಾದ್ರೆ ಯಾರು ಒಪ್ತಾರೆ? ಮಕ್ಕಳಾಗುದಿಲ್ಲ ಅಂತ ಅವರೇ ತೀರ್ಮಾನ ಮಾಡ್ತಾರೆ. ಅಷ್ಟರವರೆಗೆ ನಾನು ಅಶೋಕಾರಿಷ್ಟ ಕಳಿಸ್ತೇನೆ.”

ಡಾಕ್ಟರ್ ಹೇಳಿದ್ದನ್ನು ಇನ್ನೊಮ್ಮೆ ಹೇಳಿದೆ. ಅಮ್ಮನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಲಾಗದೆ, ಸರಿ ಎಂದೆ. ಗರ್ಭಕೋಶ ಉಳಿಸಿಕೊಳ್ಳಬೇಕಾದ ಕಾಲವನ್ನು ಮದುವೆ ಉಳಿಸಿಕೊಳ್ಳಲು ಕೊಟ್ಟುಬಿಟ್ಟಿದ್ದೆ. ಅದು ಗೊತ್ತಿದ್ದೇ ಕೊಟ್ಟೆ.

ಅಕ್ಕ ಪಾತ್ರೆ ತೊಳೆಯುತ್ತ, “ಆ ಆಫ್ರಿಕಾದವಳ ಮಾತು ಕೇಳ್ಬೇಡ ಮಾರಾಯ್ತಿ,” ಎಂದಳು. “ಅವರೆಲ್ಲ ಗಟ್ಟಿ ಜನ. ಅವರಿಗೆ ನೋವು ಗೀವು ನಮ್ಮ ಹಾಗೆ ಆಗುದಿಲ್ಲ.”

ಈ ಮಾತನ್ನು ನಾನು ವಂಜಿರುವಿಗೆ ಮುಟ್ಟಿಸಲಿಲ್ಲ. ಮುಟ್ಟಿಸುವ ಅಗತ್ಯವೂ ಇರಲಿಲ್ಲವೆಂದು ಆ ಶನಿವಾರ ತಿಳಿಯಿತು.

ಚಳಿಗಾಲದ ಶನಿವಾರಗಳಲ್ಲಿ ಬೆಳಿಗ್ಗೆ ವಂಜಿರು ಮತ್ತು ಅವಳ ಗೆಳತಿಯರು ಮಮ್ಜಾರ್‌ನ ಸಮುದ್ರ ದಂಡೆಯಲ್ಲಿ ನಡೆಯುತ್ತಾರೆ. ಅವಳು ನನ್ನನ್ನೂ ಎಳೆದುಕೊಂಡು ಹೋದಳು. ಕೀನ್ಯಾ, ಉಗಾಂಡ, ನೈಜೀರಿಯಾ, ಘಾನಾದ ಹೆಂಗಸರು. ಒಬ್ಬಳು ನರ್ಸ್, ಒಬ್ಬಳು ಶಾಲೆಯಲ್ಲಿ ಗಣಿತದ ಟೀಚರ್, ಒಬ್ಬಳು ಸಲೂನಿನವಳು, ಇನ್ನೊಬ್ಬಳು ವಿಮಾನದಲ್ಲಿ ಪರಿಚಾರಿಕೆ. ನಡೆಯುವ ಮೊದಲು ವೃತ್ತವಾಗಿ ನಿಂತು ಪ್ರತಿಯೊಬ್ಬಳೂ ತಾನು ಹೇಗಿದ್ದೇನೆಂದು ಹೇಳಬೇಕು. ಒಂದೇ ನಿಯಮ: ‘ಫೈನ್’ ಎನ್ನುವಂತಿಲ್ಲ. ಎಂದವಳು ಎಲ್ಲರ ನೀರಿನ ಬಾಟಲಿಗಳ ಚೀಲ ಹೊರಬೇಕು.

ನಾನು ಇಂಥದ್ದನ್ನು ನೋಡಿರಲಿಲ್ಲ. ಟೀಚರು, ತನ್ನ ರಕ್ತದೊತ್ತಡದ ಮಾತ್ರೆ ಮೂರು ದಿನ ಮರೆತೆ, ಯಾಕೆಂದರೆ ತಂಗಿಯ ಜಗಳ ಬಿಡಿಸುತ್ತಿದ್ದೆ ಎಂದಳು. “ಜಗಳ ತಂಗಿಗೇ ವಾಪಸ್ ಕಳಿಸು, ಮಾತ್ರೆ ನೀನಿಟ್ಟುಕೋ,” ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನರ್ಸು, ಈ ವಾರ ಎರಡು ಸಲ ಕಾರಣವಿಲ್ಲದೆ ಅತ್ತೆ, ಇನ್ನು ಮೇಲೆ ಹೆಚ್ಚುವರಿ ಪಾಳಿ ಬೇಡವೆಂದು ಹೇಳಿಬಂದೆ ಎಂದಳು. ಯಾರೂ ಅವಳನ್ನು ತಬ್ಬಿ ಸಮಾಧಾನ ಮಾಡಲಿಲ್ಲ. “ಒಳ್ಳೇದು ಮಾಡಿದೆ,” ಎಂದರು, ಅಷ್ಟೇ. ಇವರೆಲ್ಲ ಮನೆಯ ಹಿರಿ ಹೆಣ್ಣುಮಕ್ಕಳು, ಇವರನ್ನು ನಂಬಿ ಊರಿನಲ್ಲಿ ಎಷ್ಟೋ ಮಂದಿ. ಎಲ್ಲರನ್ನೂ ನೋಡಿಕೊಳ್ಳುವವರು, ತಮ್ಮನ್ನೂ ಆ ಎಲ್ಲರಲ್ಲಿ ಒಬ್ಬರೆಂದು ಎಣಿಸಲು ಕಲಿಯುತ್ತಿದ್ದರು. ಅದನ್ನು ಒಬ್ಬೊಬ್ಬರೇ ಕಲಿಯಲಾಗದೆಂದು ಒಟ್ಟಾಗಿ ನಿಂತಿದ್ದರು.

ನನ್ನ ಸರದಿ ಬಂತು. “ಫೈನ್,” ಎಂದೆ.

ಚೀಲ ನನ್ನ ಕಾಲ ಬಳಿ ಬಂತು. ವಂಜಿರು, “ಇವಳಿಗೆ ರಕ್ತ ಕಡಿಮೆ, ಇವಳ ಶಿಕ್ಷೆ ಕಂತಿನಲ್ಲಿ ವಸೂಲಿ ಮಾಡೋಣ,” ಎಂದು ಚೀಲವನ್ನು ತಾನೇ ಹೆಗಲಿಗೇರಿಸಿದಳು.

ನಡೆಯುವಾಗ ಅವಳು ತನ್ನ ಕಥೆ ಹೇಳಿದಳು. ದುಬೈಗೆ ಬಂದ ಎರಡನೆಯ ವರ್ಷ ಒಂದು ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಮೈಯಲ್ಲಿ ಏನೂ ಇರಲಿಲ್ಲ, ಏಳಲು ಕಾರಣ ಸಿಗಲಿಲ್ಲ ಅಷ್ಟೇ. ಆಗ ಶುರುವಾದದ್ದು ಆ ಗುರುವಾರಗಳು. ಅದಕ್ಕೂ ಮೊದಲು ಅವಳಿಗೂ ನನ್ನ ಹಾಗೆಯೇ ಗಡ್ಡೆಗಳಿದ್ದವು.

“ಮೊದಲು ನೋಡಿದ ಡಾಕ್ಟರ್, ನೀವು ಆಫ್ರಿಕಾದ ಹೆಂಗಸರು ಗಟ್ಟಿ, ಇದೆಲ್ಲ ತಡ್ಕೊಳ್ತೀರಿ ಅಂದ. ಹೊಗಳಿಕೆ ಅಂದ್ಕೊಂಡೆ. ಹೊರಗೆ ಬಂದ ಮೇಲೆ ನೋಡಿದ್ರೆ ನೋವಿನ ಮಾತ್ರೆಯನ್ನೂ ಬರೆದಿರಲಿಲ್ಲ.” ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. “ತಿರುಗಿ ಒಳಗೆ ಹೋದೆ. ‘ನಾನು ಸ್ಕ್ಯಾನ್ ಕೇಳಿದೆ, ನೀವು ಬೇಡ ಅಂದಿರಿ, ಅದನ್ನು ನನ್ನ ಫೈಲಿನಲ್ಲಿ ಬರೆದು ಸಹಿ ಹಾಕಿ’ ಅಂದೆ. ಸ್ಕ್ಯಾನ್ ಬರೆದುಕೊಟ್ಟ.”

“ನಿನಗೆ ಹೆದರಿಕೆ ಆಗಲಿಲ್ವಾ?”

“ಕಾಲು ನಡುಗ್ತಾ ಇತ್ತು. ಮೇಜಿನ ಕೆಳಗೆ ಯಾರಿಗೆ ಕಾಣುತ್ತೆ?”

ಅವಳ ಅಮ್ಮನಿಗೂ ಅದೇ ಕಾಯಿಲೆಯಿತ್ತಂತೆ. ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತ, ಕಪ್ಪು ಲಂಗ ಉಟ್ಟು ವರ್ಷಗಟ್ಟಲೆ ತಡೆದುಕೊಂಡರಂತೆ. ಸತ್ತ ದಿನ ಊರೆಲ್ಲ ಅವರ ತಾಳ್ಮೆಯನ್ನು ಹೊಗಳಿತಂತೆ. “ನನಗೆ ಹೊಗಳಿಕೆ ಬೇಡ, ಅಮ್ಮ ಬೇಕಿತ್ತು,” ಎಂದಳು ವಂಜಿರು. ಮುಖ ಸಮುದ್ರದ ಕಡೆಗಿತ್ತು.

ನಿಶ್ಚಿತಾರ್ಥಕ್ಕಾಗಿ ನನ್ನ ಶಸ್ತ್ರಚಿಕಿತ್ಸೆ ಮುಂದೆ ಹಾಕಿದ್ದನ್ನು ಅವಳಿಗೆ ಹೇಳಿದೆ. ಬೈಯಬಹುದು ಎಂದುಕೊಂಡಿದ್ದೆ. “ದೇಹ ನಿನ್ನದು. ನಾನು ಪ್ರಶ್ನೆ ಮಾತ್ರ ಕೇಳಬಲ್ಲೆ,” ಎಂದಳು. “ಗಡ್ಡೆ ಬೆಳೆದು ಗರ್ಭಕೋಶವೇ ಹೋದರೆ, ಆಗ ಆ ಮನೆಯವರಿಗೆ ನೀವೆಲ್ಲ ಏನು ಹೇಳ್ತೀರಿ?” ನಕ್ಷೆಯಲ್ಲಿ ಕಂಬವೇ ಇಲ್ಲದ ಕಡೆ ಛಾವಣಿ ಬರೆದದ್ದನ್ನು ಯಾರೋ ತೋರಿಸಿಕೊಟ್ಟ ಹಾಗಾಯಿತು.

ಮುಂದಿನ ವಾರ ಅಮ್ಮನ ಪಾರ್ಸೆಲ್ ಬಂತು. ಊರಿನಿಂದ ಯಾರು ಬಂದರೂ ಅವರ ಕೈಯಲ್ಲಿ ಏನಾದರೂ ಕಳಿಸುವುದು ನಮ್ಮಲ್ಲಿ ಪದ್ಧತಿ. ಈ ಸಲ ತಂದವರು ಜಲಜಕ್ಕ, ನಮ್ಮೂರ ಪಕ್ಕದವರು. ಅವರ ಗಂಡನಿಗೆ ಇಲ್ಲಿನ ನೈಫ್ ಬಡಾವಣೆಯಲ್ಲಿ ಬಟ್ಟೆಯ ಅಂಗಡಿ. ಅಶೋಕಾರಿಷ್ಟ ಎಂದರೆ ಯಾವ ಕಾಯಿಲೆಯ ಮದ್ದು ಎಂದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಹಾಗಾಗಿ ಅಮ್ಮ ಬಾಟಲಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹಲಸಿನ ಹಪ್ಪಳ ಎಂದು ಹೇಳಿ ಕೊಟ್ಟಿದ್ದಳು.

ಬೆಳಿಗ್ಗೆ ಜಲಜಕ್ಕ ಫೋನ್ ಮಾಡಿದರು. “ಬಂದು ತಗೊಂಡು ಹೋಗು ಮಾರಾಯ್ತಿ. ನಿನ್ನ ಹಪ್ಪಳ ಸೋರ್ತಾ ಉಂಟು.”

ನಾನು ಹೋದಾಗ ಅವರ ಸೂಟ್‌ಕೇಸ್ ಬಾಲ್ಕನಿಯಲ್ಲಿ ಬಾಯಿ ತೆರೆದು ಬಿದ್ದಿತ್ತು. ಹೊಸ ಸೀರೆಗಳ ಮೇಲೆಲ್ಲ ಕಂದು ಕಲೆ, ಮನೆ ತುಂಬ ಅರಿಷ್ಟದ ಘಾಟು. ನಾಚಿಕೆಯಿಂದ ಸೀರೆಗಳನ್ನು ಎತ್ತಿ ಒರೆಸತೊಡಗಿದೆ.

“ಸೀರೆ ತೊಳೆದ್ರೆ ಹೋಗ್ತದೆ, ಬಿಡು,” ಎಂದು ಜಲಜಕ್ಕ ನನ್ನನ್ನು ಕೂರಿಸಿ ಚಹಾ ಕೊಟ್ಟರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಿನಗಾ, ಅಕ್ಕನಿಗಾ?”

“ನನಗೆ.”

“ನಂಗೂ ಇತ್ತು. ಇದನ್ನೇ ಕುಡಿದೆ, ಬಾಟ್ಲಿಗಟ್ಲೆ. ಮಗಳ ಮದುವೆ ಆಗ್ಲಿ, ಅಂಗಡಿ ಸ್ವಲ್ಪ ಸುಧಾರಿಸ್ಲಿ ಅಂತ ನೂಕಿ ನೂಕಿ, ಕಡೆಗೆ ಗರ್ಭಕೋಶವೇ ತೆಗೀಬೇಕಾಯ್ತು. ಊರಲ್ಲೆಲ್ಲ ಅಪೆಂಡಿಕ್ಸ್ ಅಂತ ಹೇಳಿದ್ದು. ನಮ್ಮ ತಂಗಿಗೂ ಹಾಗೇ ಹೇಳಿದ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಈಗ ಅವಳಿಗೂ ಅದೇ ಆಗಿ, ಅವಳೂ ಅಪೆಂಡಿಕ್ಸ್ ಅಂತಲೇ ಹೇಳಿದ್ಳು. ನಂಗೆ ನಗ್ಬೇಕಾ ಅಳ್ಬೇಕಾ ಗೊತ್ತಾಗ್ಲಿಲ್ಲ.”

ಅಲ್ಲಿಂದ ನಡೆದು ಬರುವಾಗ ನೈಫ್‌ನ ಗಲ್ಲಿಗಳಲ್ಲಿ ಅಂಗಡಿಗಳು ಬಾಗಿಲು ತೆರೆಯುತ್ತಿದ್ದವು. ಒಬ್ಬರ ಹಿಂದೆ ಒಬ್ಬರಂತೆ ಒಂದೇ ಹೊಂಡಕ್ಕೆ ಬಿದ್ದು, ಬಿದ್ದದ್ದನ್ನು ಮುಂದಿನವಳಿಗೆ ಹೇಳದೆ ಹೋದ ನಮ್ಮ ಹೆಂಗಸರ ಬಗ್ಗೆ ಯೋಚಿಸಿದೆ. ಸಮುದ್ರ ದಂಡೆಯಲ್ಲಿ ವೃತ್ತವಾಗಿ ನಿಂತವರ ಬಗ್ಗೆಯೂ ಯೋಚಿಸಿದೆ. ರಸ್ತೆ ಬದಿಯಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿ, ಡ್ರಿಪ್ಪಿಗೂ ಶಸ್ತ್ರಚಿಕಿತ್ಸೆಗೂ ಸಿಗುವ ಮೊದಲ ದಿನಾಂಕವನ್ನೇ ಕೇಳಿದೆ.

ಅಕ್ಕನಿಗೆ ಹೇಳಿದೆ. ಅವಳು ಒಲೆ ಆರಿಸಿ ಬಂದು ನನ್ನ ಎದುರು ಕೂತಳು. ಆಮೇಲೆ, “ಅಮ್ಮನ ವಿಸಿಟ್ ವೀಸಾಕ್ಕೆ ಇವರ ಹತ್ರ ಹೇಳ್ತೇನೆ. ಬೈಯುದಾದ್ರೆ ಇಲ್ಲಿಗೆ ಬಂದೇ ಬೈಲಿ,” ಎಂದಳು.

ರುವೈಸ್‌ಗೆ ನಾನೇ ಫೋನ್ ಮಾಡಿದೆ. ಏನಿದೆ, ಏನು ಮಾಡುತ್ತಾರೆ, ಡಾಕ್ಟರ್ ಏನು ಭರವಸೆ ಕೊಟ್ಟಿದ್ದಾರೆ, ಯಾವುದಕ್ಕೆ ಭರವಸೆ ಇಲ್ಲ ಎಲ್ಲವನ್ನೂ ಹೇಳಿದೆ. ಅವರು ಅಡ್ಡ ಬಾರದೆ ಕೇಳಿದರು. “ನೀವೇ ಹೇಳಿದ್ದು ಒಳ್ಳೇದಾಯ್ತು,” ಎಂದರು. ಕೊನೆಗೆ, “ಮನೆಯಲ್ಲಿ ಒಂದು ಮಾತು ಕೇಳಿ ಹೇಳ್ತೇನೆ,” ಎಂದರು. ಮತ್ತೆ ಫೋನ್ ಬರಲಿಲ್ಲ. ಕೆಲವು ವಾರಗಳ ನಂತರ ಜಾತಕ ಕೂಡಿಬರಲಿಲ್ಲ ಎಂಬ ಸುದ್ದಿ ಸುತ್ತು ಹಾಕಿ ನಮ್ಮನ್ನು ತಲುಪಿತು. ಮೊದಲೇ ಕೂಡಿಬಂದಿದ್ದ ಜಾತಕ ಅದು. ನೋವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಅವರನ್ನು ಕೆಟ್ಟವರೆಂದು ಬರೆಯಲು ಮನಸ್ಸು ಬರುವುದಿಲ್ಲ. ಅವರಿಗೂ ಯಾರೂ ಇಂಥ ವೃತ್ತದಲ್ಲಿ ನಿಲ್ಲಲು ಕಲಿಸಿರಲಿಲ್ಲ.

ಅಮ್ಮ ಬಂದಳು. ವಿಮಾನ ನಿಲ್ದಾಣದಲ್ಲಿ ನನ್ನ ಮುಖ ನೋಡಿದ ಮೇಲೆ ಬೈಯಲಿಲ್ಲ. “ಇಷ್ಟು ಬಿಳಿಚಿಕೊಂಡಿದ್ದೀಯಾ?” ಎಂದಳು. ವಿಡಿಯೋ ಕಾಲಿಗೆ ಮೊದಲು ನಾನು ತುಟಿಗೆ ಬಣ್ಣ ಹಚ್ಚುತ್ತಿದ್ದೆ.

ಆಸ್ಪತ್ರೆಗೆ ಸೇರಿದ ಸಂಜೆ ವಂಜಿರುವಿನ ಜೊತೆ ಮಮ್ಜಾರ್‌ನ ಗೆಳತಿಯೊಬ್ಬಳು ಬಂದಳು. ಸಲೂನಿನಲ್ಲಿ ಕೆಲಸ ಮಾಡುವ ನೈಜೀರಿಯಾದ ಎಬೆಲೆ ಬಾಚಣಿಗೆ ತಂದಿದ್ದಳು. ಕೆಲವು ದಿನ ಮಲಗಿಯೇ ಇರಬೇಕು, ಕೂದಲು ಸಿಕ್ಕಾದರೆ ಅದೊಂದು ಹೆಚ್ಚಿನ ನೋವು ಎಂದು ನನ್ನ ತಲೆಯನ್ನು ಸಾಲು ಸಾಲಾಗಿ ಬಿಗಿಯಾಗಿ ಹೆಣೆಯತೊಡಗಿದಳು. ಅಮ್ಮ ಮೂಲೆಯ ಕುರ್ಚಿಯಲ್ಲಿ ಮುದುಡಿ ಕೂತು ನೋಡುತ್ತಿದ್ದಳು. ಅವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಎದ್ದುಬಂದು ಇನ್ನೊಂದು ಬದಿಯ ಕೂದಲು ಕೈಗೆತ್ತಿಕೊಂಡಳು. ಎಬೆಲೆ ಅವಳ ಬೆರಳುಗಳನ್ನು ಒಮ್ಮೆ ತಿದ್ದಿದಳು, ಅಷ್ಟೇ. ಆಮೇಲೆ ಎರಡು ಜೊತೆ ಕೈಗಳು ನನ್ನ ತಲೆಯ ಮೇಲೆ ಓಡಾಡುತ್ತಿದ್ದವು. ನಾಳೆಯ ಹೆದರಿಕೆ ಎಲ್ಲಿ ಹೋಯಿತೋ, ನಾನು ಕೂತಲ್ಲೇ ತೂಕಡಿಸಿದೆ.

ಅರಿವಳಿಕೆ ಡಾಕ್ಟರ್ ಬಂದಾಗ ವಂಜಿರು ಜೊತೆಗಿದ್ದಳು. ನೋವಿನ ಮದ್ದು ಎಷ್ಟು ಹೊತ್ತಿಗೊಮ್ಮೆ, ಸಾಲದಿದ್ದರೆ ಯಾರನ್ನು ಕರೆಯಬೇಕು ಎಂದು ಕೇಳಿ ತಿಳಿದುಕೊಂಡಳು. “ಇವಳು ನೋವಾದರೂ ಹೇಳುವವಳಲ್ಲ. ದಯವಿಟ್ಟು ಎರಡೆರಡು ಸಲ ಕೇಳಿ,” ಎಂದಳು. ಆಸ್ಪತ್ರೆಯ ವಾಸನೆ ಅವಳಿಗೆ ಆಗುವುದಿಲ್ಲ. ಇಡೀ ಹೊತ್ತು ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡಿದ್ದಳು.

ಎಚ್ಚರವಾದಾಗ ಮೊದಲು ಕಂಡದ್ದು ಸುಡಾನಿನ ಡಾಕ್ಟರ ಮುಖ. “ಉಳಿದಿದೆ,” ಎಂದರು. ಒಂದೇ ಶಬ್ದ. ಅಮ್ಮ ಅದರ ಅರ್ಥವನ್ನು ಅಕ್ಕನಲ್ಲಿ ಕೇಳುವುದು, ಅಕ್ಕ ಹೇಳಲಾಗದೆ ಬಿಕ್ಕುವುದು ಎಲ್ಲೋ ದೂರದಲ್ಲಿ ಕೇಳಿಸಿತು.

ಮಾರನೆಯ ದಿನ ಬಹಳ ಕೆಟ್ಟದಾಗಿತ್ತು. ಮಗ್ಗುಲು ಬದಲಿಸಿದರೆ ಹೊಟ್ಟೆ ಹರಿದಂತೆ. ಅಮ್ಮನ ಎದುರು ನರಳಬಾರದೆಂದು ಹಲ್ಲು ಕಚ್ಚಿ, ವಂಜಿರುವಿಗೆ ಮೆಸೇಜ್ ಕಳಿಸಿದೆ: ಬಾ. ಉತ್ತರ ಬಂತು: “ಇವತ್ತು ಗುರುವಾರ, ನನ್ನ ಕೌನ್ಸೆಲರ್ ದಿನ. ನಾಳೆ ಬೆಳಿಗ್ಗೆ ಬರ್ತೀನಿ. ಈಗ ಬೆಲ್ ಒತ್ತು, ನರ್ಸಿಗೆ ನೋವು ಅಂತ ಹೇಳು.”

ಕಣ್ಣು ತುಂಬಿ ಬಂತು. ಇಂಥ ದಿನವೂ ಬರಲಾರಳೇ ಎಂದುಕೊಂಡೆ. ಕೋಪದಲ್ಲೇ ಬೆಲ್ ಒತ್ತಿದೆ. ನರ್ಸ್ ಬಂದಳು. ಅಮ್ಮನ ಎದುರಿಗೇ, ತಡೆಯಲಾಗುತ್ತಿಲ್ಲ ಎಂದೆ. ಮದ್ದು ಕೊಟ್ಟರು, ನೋವು ಇಳಿಯಿತು.

ಇಳಿದ ಮೇಲೆ ಆ ಮೆಸೇಜನ್ನು ಮತ್ತೆ ಓದಿದೆ. ಅವಳು ನನಗೆ ಮಾಡಿದ ಉಪಕಾರಗಳಲ್ಲಿ ಇದನ್ನೇ ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ತನ್ನ ಗುರುವಾರವನ್ನು ನನಗಾಗಿ ಬಿಟ್ಟುಕೊಟ್ಟಿದ್ದರೆ ಅವಳೂ ನಮ್ಮೂರಿನ ಎಲ್ಲ ಒಳ್ಳೆಯ ಹೆಂಗಸರ ಹಾಗೆಯೇ ಆಗುತ್ತಿದ್ದಳು, ನಾನು ಆ ಒಳ್ಳೆಯತನಕ್ಕೆ ಕೈಮುಗಿದು ಅದನ್ನೇ ಕಲಿಯುತ್ತಿದ್ದೆ. ಅವಳು ಹೇಳಿದಂತೆಯೇ ಮರುದಿನ ಬೆಳಿಗ್ಗೆ ಬಂದಳು, ಬಾಯಲ್ಲಿ ಪೆಪ್ಪರ್‌ಮಿಂಟ್, ಮುಖದಲ್ಲಿ ಚೆನ್ನಾಗಿ ಅತ್ತು ಚೆನ್ನಾಗಿ ನಿದ್ದೆ ಮಾಡಿದವಳ ಕಳೆ. ಅಕ್ಕ ಅವಳಿಗೆಂದು ಮನೆಯಿಂದ ನೀರುದೋಸೆ ಕಟ್ಟಿಕೊಂಡು ಬಂದಿದ್ದಳು. “ತಿನ್ನಿ, ನಿಮಗೂ ಸುಸ್ತಾಗಿರ್ತದೆ,” ಎಂದಳು ತನ್ನ ಇಂಗ್ಲಿಷಿನಲ್ಲಿ. ಗಟ್ಟಿ ಜನ ಎಂಬ ಮಾತು ಅವಳ ಬಾಯಲ್ಲಿ ಆಮೇಲೆ ನಾನು ಕೇಳಿಲ್ಲ.

ಹೊಲಿಗೆ ನೋಡಿಸಲು ಹೋದ ದಿನ ಅಮ್ಮನೂ ನನ್ನ ಜೊತೆ ಬಂದಳು. ಅವಳ ಟಿಕೆಟ್ ಮರುವಾರಕ್ಕಿತ್ತು. ಡಾಕ್ಟರು ಎಲ್ಲ ಒಣಗಿದೆ, ಮುಂದೆ ಮಕ್ಕಳ ಬಗ್ಗೆ ಈಗಲೇ ಚಿಂತೆ ಬೇಡ, ಆ ಹೊತ್ತು ಬಂದಾಗ ನೋಡೋಣ ಎಂದರು. ಹೊರಗೆ ಬಂದು ಔಷಧಿಗಾಗಿ ಕಾಯುತ್ತ ಕೂತೆವು.

“ಇವರು ಹೆಂಗ್ಸರದ್ದು ಎಲ್ಲಾ ನೋಡ್ತಾರಾ?” ಎಂದು ಅಮ್ಮ ಕೇಳಿದಳು.

“ಹೌದು. ಯಾಕೆ?”

“ಸುಮ್ಮನೆ.”

ಎದುರಿನ ಸಾಲಿನಲ್ಲಿ ಒಂದು ಕೂಸು ಅಳುತ್ತಿತ್ತು. ಅಳು ನಿಂತ ಮೇಲೆ ಅಮ್ಮ ಆ ಕೂಸಿನ ಕಡೆಗೇ ನೋಡುತ್ತ ಹೇಳಿದಳು. “ನಂಗೆ ಕೆಮ್ಮಿದ್ರೆ ನಿಲ್ಲುದಿಲ್ಲ.”

“ಎಂತ ನಿಲ್ಲುದಿಲ್ಲ?”

“ಮೂತ್ರ.”

ನಾನು ಅವಳ ಕಡೆ ತಿರುಗಿದೆ.

“ಈಗೀಗ ನಕ್ಕರೂ ಅಷ್ಟೇ. ನೀನು ಹುಟ್ಟಿದ ಮೇಲೆ ಶುರುವಾದದ್ದು. ಬಟ್ಟೆ ಇಟ್ಟುಕೊಳ್ತೇನೆ.”

ಮದುವೆಮನೆಗಳಲ್ಲಿ ಅಮ್ಮ ಯಾವಾಗಲೂ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂರುತ್ತಿದ್ದಳು. ಮುಂದೆ ಬಾ ಎಂದು ಕರೆದರೂ ಬರುತ್ತಿರಲಿಲ್ಲ. ಅವಳಿಗೆ ಸಂಕೋಚ ಸ್ವಭಾವ ಎಂದು ಇಷ್ಟು ವರ್ಷ ನಂಬಿದ್ದೆ, ನನ್ನ ಸಂಕೋಚವೂ ಅವಳಿಂದ ಬಂದದ್ದೆಂದು ಹೆಮ್ಮೆಪಟ್ಟದ್ದೂ ಉಂಟು.

ತಿರುಗಿ ಒಳಗೆ ಹೋಗಿ ಡಾಕ್ಟರನ್ನು ಕೇಳಿದೆ. ಅವರು ಅಮ್ಮನನ್ನು ಕರೆಸಿ, ನನ್ನ ಬಾಯಿಂದ ಪ್ರಶ್ನೆ ಕೇಳಿಸಿ, ಪರೀಕ್ಷಿಸಿದರು. ಇದು ಎಷ್ಟೋ ಹೆಂಗಸರಿಗಿರುವುದು, ಇದಕ್ಕೆ ವ್ಯಾಯಾಮವಿದೆ, ಚಿಕಿತ್ಸೆಯಿದೆ, ಊರಿಗೆ ತಲುಪಿದ ಕೂಡಲೇ ಶುರು ಮಾಡಬೇಕು ಎಂದರು. “ಇಷ್ಟು ವರ್ಷ ಸುಮ್ಮನಿದ್ದದ್ದು ಯಾಕೆ ಅಂತ ಕೇಳಿ,” ಎಂದರು. ಕೇಳಿದೆ. “ಯಾರೂ ಕೇಳ್ಲಿಲ್ಲ,” ಎಂದಳು ಅಮ್ಮ.

ಹೊರಗೆ ಕೂತು ಮಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿ, ಅವಳು ಇಳಿದ ಮರುದಿನಕ್ಕೆ ಸಮಯ ಗೊತ್ತುಮಾಡಿದೆ. ಅಮ್ಮ ಪರ್ಸಿನ ಜಿಪ್ಪನ್ನು ಎಳೆಯುತ್ತ ಮುಚ್ಚುತ್ತ ಇದ್ದಳು.

“ಅಪ್ಪನ ಹತ್ರ ಮಂಡಿನೋವು ಅಂತ ಹೇಳುವ,” ಎಂದಳು.

ದೇಹ ಅವಳದು.

ಔಷಧಿಯ ಕೌಂಟರಿನಲ್ಲಿ ನನ್ನ ಹೆಸರು ಕರೆದರು. ತೆಗೆದುಕೊಂಡು ತಿರುಗಿ ಬರುವಾಗ ಅಮ್ಮ ಫೋನನ್ನು ಎರಡೂ ಕೈಯಲ್ಲಿ ಮುಖದ ಎದುರು ಹಿಡಿದಿದ್ದಳು. ಪರದೆಯ ಮೇಲೆ ಎಂದಿನಂತೆ ಅಪ್ಪನ ಹಣೆ ಮಾತ್ರ ಕಾಣುತ್ತಿತ್ತು, ಹಿಂದೆ ವಾರ್ತೆಯ ಗದ್ದಲ.

“ನಂಗೆ ಒಂದು ವಿಷಯ ಹೇಳ್ಲಿಕ್ಕುಂಟು,” ಎನ್ನುತ್ತಿದ್ದಳು ಅಮ್ಮ. “ಮೊದ್ಲು ಆ ಟಿವಿ ಬಂದ್ ಮಾಡಿ.”